ಜಲ್ಲಿ ತರಿಸುವ ಮುಂಚೆ ನೀರು ನೋಡಿ

ಕೇಳುಗರೇ, ನಮಸ್ಕಾರ.

ಗೇಟಿನಿಂದ ಮನೆ ಬಾಗಿಲವರೆಗೆ ಜಲ್ಲಿ ದಾರಿ ಇದ್ದವರಿಗೆ ಇದು ಗೊತ್ತಿರುತ್ತದೆ. ಗುಂಡಿ ಬಿತ್ತು ಅಂತ ಒಂದು ಬಾಣಲಿ ಜಲ್ಲಿ ಸುರಿಯುತ್ತೇವೆ. ನಾಲ್ಕು ಮಳೆ ಬರುವಷ್ಟರಲ್ಲಿ ಅದೇ ಜಾಗದಲ್ಲಿ ಮತ್ತೆ ಗುಂಡಿ!

ಜಲ್ಲಿ ಕಡಿಮೆ ಆಯಿತು ಅಂತಲ್ಲ, ಅಲ್ಲಿ ನೀರು ನಿಂತಿದೆ. ನೀರು ನಿಂತರೆ ಅಡಿಯ ಮಣ್ಣು ಮೆತ್ತಗಾಗುತ್ತದೆ. ಮೇಲೆ ಗಾಲಿ ಹಾದಾಗ ಕಲ್ಲು ಕೆಳಗಿಳಿದು ಕೆಸರು ಮೇಲೇಳುತ್ತದೆ. ಬ್ರಿಟನ್ನಿನಲ್ಲಿ ಜಾನ್ ಲೌಡನ್ ಮೆಕಾಡಮ್ ಅವರು 1816ರಲ್ಲಿ ಬ್ರಿಸ್ಟಲ್ ಭಾಗದ ರಸ್ತೆಗಳ ಹೊಣೆ ಹೊತ್ತರು. ಭಾರ ಹೊರುವುದು ಕೆಳಗಿನ ಮಣ್ಣು, ಅದನ್ನು ಒಣಗಿರುವಂತೆ ಕಾಯಬೇಕು ಅಂತ ಅವರು ಹಟ ಹಿಡಿದಿದ್ದರು. ನಮ್ಮ ಅಂಗಳದ ದಾರಿಗೂ ಅದೇ ಲೆಕ್ಕ.

ಹಾಗಾಗಿ ಜೋರು ಮಳೆ ಬರುವಾಗ ಕೊಡೆ ಹಿಡಿದು ಒಮ್ಮೆ ಹೊರಗೆ ಹೋಗಿ. ನೀರು ಎಲ್ಲಿ ಹರಿಯುತ್ತದೆ, ಎಲ್ಲಿ ನಿಲ್ಲುತ್ತದೆ, ನೋಡಿ. ಎಷ್ಟೋ ಕಡೆ ಅಂಚಿನಲ್ಲಿ ಹುಲ್ಲು, ಮಣ್ಣು ಸೇರಿ ಸಣ್ಣ ಬದು ಕಟ್ಟಿಕೊಂಡಿರುತ್ತದೆ. ನೀರು ಹೊರಗೆ ಹೋಗಲಾರದೆ ದಾರಿಯ ಮೇಲೇ ಓಡುತ್ತದೆ. ಮೊದಲು ಆ ಬದು ಕಡಿಯಿರಿ. ಅಲ್ಲೇ ಒಳ್ಳೆ ಜಲ್ಲಿಯೂ ಸಿಗುತ್ತದೆ, ಗಾಲಿಗೆ ಸಿಡಿದು ಹೋದದ್ದು. ಅದನ್ನು ನಡುವಿಗೆ ಎಳೆದುಕೊಳ್ಳಿ.

ದಾರಿಯ ನಡು ಸ್ವಲ್ಪ ಉಬ್ಬಿರಬೇಕು. 3 ಮೀಟರ್ ಅಗಲವಿದ್ದರೆ ನಡುಭಾಗ ಅಂಚಿಗಿಂತ ಸುಮಾರು 6 ಸೆಂಟಿಮೀಟರ್ ಎತ್ತರ ಸಾಕು.

ಗುಂಡಿಯನ್ನು ಸುಮ್ನೆ ತುಂಬಬೇಡಿ. ಕೆಸರು ತೆಗೆದು, ಗಟ್ಟಿ ನೆಲ ಸಿಗುವವರೆಗೆ ಅಗೆಯಿರಿ. ಅಂಚನ್ನು ನೆಟ್ಟಗೆ ಕಡಿಯಿರಿ. ದಪ್ಪ, ಸಣ್ಣ, ಪುಡಿ ಎಲ್ಲ ಬೆರೆತ ಜಲ್ಲಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಚಿಮುಕಿಸಿ, ಪ್ರತಿ ಪದರಕ್ಕೂ ದಮ್ಮಸ್ಸು ಕೊಡಿ. ಪುಡಿ ಇಲ್ಲದಿದ್ದರೆ ಕಲ್ಲು ಕೂರುವುದಿಲ್ಲ. ಹೊಳೆಯ ಗುಂಡುಕಲ್ಲು ನೋಡಲು ಚೆಂದ, ನಿಜ. ಆದರೆ ಅದು ಉರುಳುತ್ತದೆ. ವಾಹನ ಓಡುವ ದಾರಿಗೆ ಒಡೆದ, ಮೂಲೆ ಇರುವ ಕಲ್ಲೇ ಬೇಕು. ಮೂಲೆಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಇಷ್ಟಾದ ಮೇಲೆ ಇಡೀ ದಾರಿಗೆ ಹೊಸ ಪದರ ಬೇಕೆನಿಸಿದರೆ ಹಾಕಿಸಿ. 20 ಮೀಟರ್ ಉದ್ದ, 3 ಮೀಟರ್ ಅಗಲದ ದಾರಿಗೆ 5 ಸೆಂಟಿಮೀಟರ್ ದಪ್ಪ ಅಂದರೆ 3 ಘನ ಮೀಟರ್. ದಮ್ಮಸ್ಸಿಗೆ ಕುಗ್ಗುವುದರಿಂದ ಸ್ವಲ್ಪ ಜಾಸ್ತಿಯೇ ತರಿಸಿ. ಸುರಿಯುವ ಮುಂಚೆ ಹಳೆಯ ಮೇಲ್ಮೈಯನ್ನು ಪಿಕಾಸಿಯಿಂದ ಕೆದಕಲೇಬೇಕು. ಗಟ್ಟಿ ನೆಲದ ಮೇಲೆ ಹಾಗೇ ಹರಡಿದರೆ ಹೊಸ ಜಲ್ಲಿ ಹಿಡಿಯದೆ ಜಾರುತ್ತದೆ. ಈ ಕೆಲಸ ಬೆವರಿಳಿಸುತ್ತದೆ, ಆದರೂ ಬಿಡಬೇಡಿ.

ಕೊನೆಗೆ ಎರಡು ಬುಟ್ಟಿ ಜಲ್ಲಿ ಒಂದು ಮೂಲೆಯಲ್ಲಿ ಉಳಿಸಿಕೊಳ್ಳಿ. ಮೊದಲ ದೊಡ್ಡ ಮಳೆ ನಿಂತ ಕೂಡಲೇ ಹೋಗಿ ನೋಡಿ, ತಗ್ಗು ಅಂಗೈಯಷ್ಟು ಇರುವಾಗಲೇ ಮುಚ್ಚಿಬಿಡಿ.

ನಮಸ್ಕಾರ.