ಸುಮ್ನೆ ಬಂದೆ ಅಕ್ಕ

ಎಲ್ರಿಗೂ ನಮಸ್ಕಾರ. ನೀವೆಲ್ಲ ಹಿಂಸೆಗೆ ಸಿಕ್ಕ ಹೆಣ್ಮಕ್ಕಳಿಗೆ ನೆರವಾಗೋ ಸಖಿ, ಸಾಂತ್ವನ ಕೇಂದ್ರಗಳಲ್ಲಿ ದಿನಾ ಕೂತು ಕೆಲ್ಸ ಮಾಡೋರು, ಡಿಐಆರ್, ಅಂದ್ರೆ ಕೌಟುಂಬಿಕ ಘಟನೆ ವರದಿ, ಹೇಗೆ ಬರೀಬೇಕು ಅಂತ ನಾನು ಹೇಳ್ಕೊಡಬೇಕಾಗಿಲ್ಲ. ಒಂದು ಮಾತು ಎದೇಲಿ ಕೂತಿದೆ, ಅದನ್ನ ಹೇಳೋಕೆ ಬಂದೆ. ಹಿಂದೊಂದು ಮೀಟಿಂಗಲ್ಲಿ ಒಬ್ರು ಅಧಿಕಾರಿ ನಮ್ಮ ರಿಜಿಸ್ಟರ್ ತಿರುವಿ ಹಾಕ್ತಾ, "ಇವ್ರ ಕೇಸ್ ಮುಗ್ದು ಎರಡು ವರ್ಷ ಆಯ್ತಲ್ರೀ, ಇನ್ನೂ ಯಾಕೆ ಬರ್ತಾರೆ, ಅಭ್ಯಾಸ ಮಾಡಿಸಿಟ್ಟಿದೀರಾ" ಅಂದ್ರು. ಅವತ್ತು ನಂಗೆ ಉತ್ತರ ಹೊಳೀಲಿಲ್ಲ, ರಾತ್ರಿಯೆಲ್ಲ ಹೊಟ್ಟೆ ಉರೀತು. ತವರಿಗೆ ಬರೋಕೆ ಕಾರಣ ಬೇಕಾ?

ಅವ್ರು ಕೇಳಿದ ಆ ಹೆಂಗಸು ಪ್ರತಿ ಗುರುವಾರ ಸಂತೆ ಮುಗಿಸಿ ಬರ್ತಾರೆ. ಜೀವನಾಂಶದ ಆರ್ಡರ್ ಆಗಿದೆ, ಬೇರೆ ಮನೆ ಮಾಡ್ಕೊಂಡಿದಾರೆ. ಕಿಟಕಿ ಕೆಳಗಿನ ಬೆಂಚು ಅವ್ರದ್ದು, ಬೇರೆ ಯಾರಾದ್ರೂ ಕೂತಿದ್ರೆ ನಿಂತೇ ಕಾಯ್ತಾರೆ. ಏನಮ್ಮ ವಿಷಯ ಅಂದ್ರೆ "ಸುಮ್ನೆ ಬಂದೆ ಅಕ್ಕ" ಅಷ್ಟೇ. ಅವರೆಕಾಯಿ ಕಾಲದಲ್ಲಂತೂ ಚೀಲ ಬಿಚ್ಚಿ ಸುಲಿಯೋಕೆ ಕೂತುಬಿಡ್ತಾರೆ, ಆ ಸೊಗಡು ಸಂಜೆವರೆಗೂ ನಮ್ಮ ಫೈಲುಗಳಿಗೂ ಅಂಟಿರುತ್ತೆ! ಒಂದಿನ ಹೊಸಬಳೊಬ್ಬಳನ್ನ ಕರ್ಕೊಂಡು ಬಂದ್ರು, ಕೆನ್ನೆ ಊದಿತ್ತು, ತುಟಿ ಒಡೆದಿತ್ತು, ನಾನು ಏನ್ ಕೇಳಿದ್ರೂ ತಲೆ ಎತ್ತಲಿಲ್ಲ. ಇವ್ರು ಒಂದ್ ಮಾತೂ ಆಡ್ದೆ ಒಂದು ಹಿಡಿ ಅವರೆಕಾಯಿ ತೆಗ್ದು ಅವಳ ಮಡಿಲಿಗೆ ಹಾಕಿದ್ರು. ಇಬ್ರೂ ಸುಲಿತಾ ಕೂತ್ರು, ಅರ್ಧ ಗಂಟೆ, ಮುಕ್ಕಾಲು ಗಂಟೆ. ಆಮೇಲೆ ಆ ಹುಡುಗಿ ಕಾಳನ್ನೇ ನೋಡ್ತಾ, "ಅವ್ರ ಅಮ್ಮನೂ ಹಿಡ್ಕೊಂಡಿದ್ರು" ಅಂದ್ಲು. ನನ್ನ ಇಷ್ಟು ವರ್ಷದ ಕೌನ್ಸೆಲಿಂಗ್ ಟ್ರೈನಿಂಗ್ ಮಾಡದೇ ಇದ್ದಿದ್ದನ್ನ ಆ ಅವರೆಕಾಯಿ ಮಾಡ್ತು. ಕೇಸ್ ಮುಗಿದೋರು ಯಾಕೆ ಬರ್ತಾರೆ ಅಂತಾರಲ್ಲ, ಇದಕ್ಕೇ!

ತವರು ಅಂದೆ, ಆದ್ರೆ ನಿಜವಾದ ತವರು ಏನ್ ಮಾಡುತ್ತೆ ನಿಮ್ಗೆಲ್ಲ ಗೊತ್ತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಅನ್ನೋ ಗಾದೆ ಇಟ್ಕೊಂಡಿರೋ ಜನ ನಾವು, ಬಾಗಿಲಲ್ಲಿ ಯಾವಾಗ ಬಂದೆ ಅಂತೀವಿ, ಕಾಫಿ ಲೋಟ ಕೆಳಗಿಡೋ ಮುಂಚೆ ಯಾವಾಗ ಹೋಗ್ತೀಯ ಅಂತೀವಿ. 2005ರ ಕೌಟುಂಬಿಕ ಹಿಂಸೆ ಕಾಯ್ದೆಯ 17ನೇ ಸೆಕ್ಷನ್ ಗಂಡನ ಮನೇಲಿ ಇರೋ ಹಕ್ಕು ಕೊಡ್ತು, ದೊಡ್ಡ ವಿಷಯ, ಆದ್ರೆ ಆರ್ಡರ್ ಕಾಪಿ ಹಿಡ್ಕೊಂಡು ಆ ಮನೆಗೆ ಹೋದವಳಿಗೆ ಊಟ ಆಯ್ತಾ ಅಂತ ಯಾರು ಕೇಳ್ತಾರೆ? ಅವಳು ತನ್ನ ಕತೆನ ಸ್ಟೇಷನ್ನಲ್ಲಿ, ಕೋರ್ಟಲ್ಲಿ ತಾರೀಕು, ಟೈಮು ಅಂತ ತುಂಡು ತುಂಡಾಗಿ ಹೇಳಿರ್ತಾಳೆ, ಪೂರ್ತಿಯಾಗಿ ಮೊದಲ ಸಲ ಹೇಳಿದ್ದು ನಮ್ಮ ರೂಮಲ್ಲಿ, ಆ ಕುರ್ಚಿ ಮೇಲೆ. ಹಂಗಾಗಿ ಆ ಕುರ್ಚಿನೇ ಅವಳಿಗೆ ಬೇಕು. ನಾವು ಗೋಡೆಗೆ ಹೊಸ ಬಣ್ಣ ಹೊಡೆಸಿದಾಗ, ಹಳೇ ಹಸಿರೇ ಚೆನ್ನಾಗಿತ್ತು ಅಂತ ಇಬ್ರು ಮುನಿಸ್ಕೊಂಡ್ರು ಗೊತ್ತಾ!

ಸಾಂತ್ವನ ಯೋಜನೆ 2000-01ರಲ್ಲಿ ಶುರುವಾಯ್ತು, ಸಖಿ 2015ರಲ್ಲಿ ಬಂತು. ಸಖಿಲಿ ಡಾಕ್ಟರು, ಪೊಲೀಸು, ವಕೀಲರು ಎಲ್ಲರ ಸಹಾಯ ಒಂದೇ ಕಡೆ, ಐದು ದಿನ ಉಳಿಯೋಕೂ ಜಾಗ, ಖಂಡಿತ ಬೇಕು. ಆದ್ರೆ 2021ರಲ್ಲಿ ಸಖಿ ಇದ್ಮೇಲೆ ಸಾಂತ್ವನ ಯಾಕೆ ಅಂತ ಎಷ್ಟೋ ಕೇಂದ್ರ ಮುಚ್ಚೋಕೆ ಹೊರಟ್ರಲ್ಲ, ಬೆಂಚಿನ ಲೆಕ್ಕ ಯಾರು ಇಟ್ಟಿದ್ರು? ತವರಿಗೆ ಬರೋಕೆ ಕಾರಣ ಬೇಕಾ ಅಂತ ಮತ್ತೆ ಕೇಳ್ತೀನಿ.

ಚೀಟಿ ಬಂತು, ಐದು ನಿಮಿಷ ಅಂತೆ. ಇನ್ನೂ ಮೂರು ವಿಷಯ ಬರ್ಕೊಂಡಿದ್ದೆ, ಒಂದನ್ನ ಮಾತ್ರ ಹೇಳಿಬಿಡ್ತೀನಿ. ಈ ನಂಟು ನಿಮ್ಮೊಬ್ರ ಮೇಲೆ ನಿಲ್ಲೋ ಹಾಗೆ ಬಿಡಬೇಡಿ, ನಮ್ಮದೆಲ್ಲ ಗುತ್ತಿಗೆ ಕೆಲಸ, ನಾಳೆ ನಾವಿಲ್ಲ ಅಂದ್ರೆ ಆ ಹೆಣ್ಣು ಎರಡನೇ ಸಲ ಅನಾಥೆ. ಒಬ್ರಿಗೊಬ್ರು ಪರಿಚಯ ಮಾಡಿಸಿ, ಒಟ್ಟಿಗೆ ಕೂರಿಸಿ.

ಇನ್ನೊಂದು ಬೇಡಿಕೆ. ನಮ್ಮ ರಿಜಿಸ್ಟರಲ್ಲಿ ವರದಕ್ಷಿಣೆ, ಕೌಟುಂಬಿಕ ಹಿಂಸೆ, ಇತರೆ ಅಂತೆಲ್ಲ ಕಾಲಂ ಇದಾವೆ. ಹೋದ ಗುರುವಾರ ನಾನೇ ಪೆನ್ನಲ್ಲಿ ಗೆರೆ ಎಳೆದು "ಸುಮ್ನೆ ಬಂದಿದ್ದು" ಅಂತ ಒಂದು ಹೊಸ ಕಾಲಂ ಮಾಡಿದೆ. ಸಂಜೆ ಹೊತ್ತಿಗೆ ಅದ್ರಲ್ಲಿ ಏಳು ಸಹಿ ಇತ್ತು, ಒಂದು ಹೆಬ್ಬೆಟ್ಟು.