ಬೇಡಿ ತೊಟ್ಟ ಊರಿಗೆ ಕತ್ತಿ ಹಿಡಿದು ಬಂದವನು

ಕ್ಯಾಮೆರಾವನ್ನು ಸ್ವಲ್ಪ ಕೆಳಗಿಳಿಸುತ್ತೇನೆ, ಈ ಕಲ್ಲುಗಳನ್ನು ನೋಡಿ. ಗೋಡೆಯಿಂದ ಹೊರಚಾಚಿದ ಚಪ್ಪಡಿಗಳ ತೂತಿಗೆ ಸರಪಳಿ ಪೋಣಿಸಿ ಕೈದಿಗಳನ್ನು ಕಟ್ಟುತ್ತಿದ್ದರಂತೆ. ಶ್ರೀರಂಗಪಟ್ಟಣದ ಈ ಬಂದೀಖಾನೆಗಿರುವುದು ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಕರ್ನಲ್ ಬೇಲಿಯ ಹೆಸರು. ಆತ 1782ರಲ್ಲಿ ಸೆರೆಯಲ್ಲೇ ಸತ್ತ. ನನಗೆ ಕುತೂಹಲವಿರುವುದು ಈ ಊರಿನ ಸೆರೆಯಿಂದ ಬದುಕಿ ಹೊರಟವನ ಬಗ್ಗೆ: ಸ್ಕಾಟ್ಲೆಂಡಿನ ಡೇವಿಡ್ ಬೇರ್ಡ್.

1780ರ ಸೆಪ್ಟೆಂಬರ್ 10. ಕಂಚಿಯ ಬಳಿಯ ಪೊಲ್ಲಿಲೂರಿನಲ್ಲಿ ಹೈದರಾಲಿ ಮತ್ತು ಟಿಪ್ಪುವಿನ ಸೈನ್ಯ ಬೇಲಿಯ ಪಡೆಯನ್ನು ನುಚ್ಚುನೂರು ಮಾಡಿತು. ಆ ಪಡೆಯಲ್ಲಿದ್ದ 22 ವರ್ಷದ ಕ್ಯಾಪ್ಟನ್ ಬೇರ್ಡ್ ಗಾಯಗೊಂಡು ಸಿಕ್ಕಿಬಿದ್ದ. ಕೈದಿಗಳನ್ನು ಜೋಡಿ ಜೋಡಿಯಾಗಿ ಸರಪಳಿಯಲ್ಲಿ ಬಿಗಿದಿದ್ದಾರೆಂಬ ಸುದ್ದಿ ಸ್ಕಾಟ್ಲೆಂಡಿಗೆ ಮುಟ್ಟಿತು. ಮಗನ ಸಿಡುಕು ಬಲ್ಲ ತಾಯಿ, ನಮ್ಮ ಡೇವಿಯ ಜೊತೆ ಕಟ್ಟಿಸಿಕೊಂಡವನ ಪಾಡು ದೇವರಿಗೇ ಪ್ರೀತಿ ಎಂದಳಂತೆ! ಮೂರೂವರೆ ವರ್ಷ ಕಳೆದು, 1784ರಲ್ಲಿ ಟಿಪ್ಪು ಮತ್ತು ಕಂಪನಿಯ ನಡುವಿನ ಮಂಗಳೂರು ಒಪ್ಪಂದದ ಹೊತ್ತಿಗೆ ಅವನ ಬೇಡಿ ಕಳಚಿತು.

ಈಗ ಕೋಟೆಯ ವಾಯವ್ಯ ಮೂಲೆಗೆ ಬಂದಿದ್ದೇನೆ. 1799ರ ಮೇ 4, ಮಧ್ಯಾಹ್ನ ಒಂದು ಗಂಟೆ. ಕಾವೇರಿಯಲ್ಲಿ ನೀರು ಕಡಿಮೆ, ಕಾವಲಿನವರು ಉರಿಬಿಸಿಲಿಗೆ ನೆರಳು ಹುಡುಕುವ ವೇಳೆ. ಅದನ್ನು ಲೆಕ್ಕ ಹಾಕಿಯೇ ಬ್ರಿಟಿಷರು ಲಗ್ಗೆಯ ಸಮಯ ಗೊತ್ತುಮಾಡಿದ್ದರು. ಮುಂದಾಳಾಗಲು ತಾನೇ ಕೇಳಿಕೊಂಡಿದ್ದ ಬೇರ್ಡ್ ಈಗ ಮೇಜರ್ ಜನರಲ್. ಕೆಲವೇ ನಿಮಿಷಗಳಲ್ಲಿ ಅವನ ಸೈನಿಕರು ಹೊಳೆ ದಾಟಿ ಒಡೆದ ಗೋಡೆ ಏರಿದರು. ರಾತ್ರಿ ಪಂಜಿನ ಬೆಳಕಿನಲ್ಲಿ, ಹೆಣಗಳ ರಾಶಿಯ ನಡುವೆ ಟಿಪ್ಪುವಿನ ದೇಹ ಸಿಕ್ಕಿತು. ಊರಿನ ಲೂಟಿಯೂ ಅದೇ ರಾತ್ರಿ ನಡೆಯಿತು. ಅದನ್ನು ಬಿಟ್ಟು ಬರೀ ಶೌರ್ಯ ಹೇಳಲು ನನಗೆ ಮನಸ್ಸಿಲ್ಲ.

ಮರುದಿನವೇ ಪಟ್ಟಣದ ಅಧಿಕಾರ ಆರ್ಥರ್ ವೆಲ್ಲೆಸ್ಲಿಯ ಕೈಗೆ ಹೋಯಿತು. ದರ್ಜೆಯಲ್ಲಿ ಕಿರಿಯ, ಆದರೆ ಗವರ್ನರ್ ಜನರಲ್‌ನ ತಮ್ಮ! ಬೇರ್ಡ್ ಈ ಅವಮಾನವನ್ನು ನುಂಗಿಕೊಳ್ಳಲೇ ಇಲ್ಲ. ಸೈನ್ಯ ಅವನಿಗೆ ಟಿಪ್ಪುವಿನ ಖಡ್ಗವೊಂದನ್ನು ಕಾಣಿಕೆ ಕೊಟ್ಟಿತು. 2023ರಲ್ಲಿ ಅದು ಲಂಡನ್ನಿನ ಹರಾಜಿನಲ್ಲಿ ಸುಮಾರು 1 ಕೋಟಿ 40 ಲಕ್ಷ ಪೌಂಡಿಗೆ ಹೋಯಿತು.

ಆಮೇಲೆ 1801ರಲ್ಲಿ ಈಜಿಪ್ಟಿನ ಮರುಭೂಮಿ, ಸರ್ ಪದವಿ, 1806ರಲ್ಲಿ ದಕ್ಷಿಣ ಆಫ್ರಿಕಾದ ಕೇಪ್ ವಶ. 1809ರಲ್ಲಿ ಸ್ಪೇನಿನ ಕೊರುನಾದಲ್ಲಿ ಎಡಗೈ ಹೋಯಿತು. 1829ರಲ್ಲಿ ತನ್ನ ನಾಡಿನಲ್ಲಿಯೇ ತೀರಿಕೊಂಡ.

ಅವನ ಹೆಂಡತಿ ಡೇವಿಡ್ ವಿಲ್ಕಿಯಿಂದ ದೊಡ್ಡ ಚಿತ್ರವೊಂದನ್ನು ಬರೆಸಿದಳು. ಅದರಲ್ಲಿ ಬೇರ್ಡ್ ಟಿಪ್ಪುವಿನ ದೇಹದ ಎದುರು ಎತ್ತರಕ್ಕೆ ನಿಂತಿದ್ದಾನೆ. ಕಣ್ಣು ಮೊದಲು ಹೋಗುವುದು ಅವನ ಮುಖಕ್ಕೇ. ನೀವು ಮಾತ್ರ ಅವನ ಕಾಲಡಿ ನೋಡಿ: ಅಲ್ಲಿ ಸೆರೆಮನೆಯ ಕಂಬಿಗಳಿವೆ.