ಈಗ ಏನು ಓದುತ್ತಿದ್ದೀರಿ?

ಕೇಳುಗ ಸ್ನೇಹಿತರೇ, ನಮಸ್ಕಾರ.

ನಮ್ಮ ಮನೆಯ ಜಗುಲಿಯಲ್ಲಿ ತಿಂಗಳಿಗೊಮ್ಮೆ, ಎರಡನೇ ಭಾನುವಾರ ಸಂಜೆ, ಏಳೆಂಟು ಜನ ಸೇರುತ್ತೇವೆ. ಅಂಚೆ ಕೆಲಸದಿಂದ ನಿವೃತ್ತರಾದ ಹಿರಿಯರೊಬ್ಬರು, ಬಟ್ಟೆ ಹೊಲಿಯುವ ಅಕ್ಕ, ಔಷಧಿ ಅಂಗಡಿಯ ಹುಡುಗ, ಇಂಜಿನಿಯರಿಂಗ್ ಓದುವ ಹುಡುಗಿ, ನಾನು, ಇನ್ನೂ ಒಂದಿಬ್ಬರು. ಮಂಡಕ್ಕಿ ಇರುತ್ತದೆ, ಟೀ ಇರುತ್ತದೆ. ಅಧ್ಯಕ್ಷರಿಲ್ಲ, ಹಾರ ತುರಾಯಿ ಇಲ್ಲ. ಇರುವುದು ಒಂದೇ ಪ್ರಶ್ನೆ. ಈಗ ಏನು ಓದುತ್ತಿದ್ದೀರಿ?

ಇದರಲ್ಲಿ ‘ಈಗ’ ಅನ್ನುವ ಮಾತೇ ಮುಖ್ಯ. ನಿಮಗೆ ತುಂಬಾ ಇಷ್ಟವಾದ ಪುಸ್ತಕ ಯಾವುದು ಅಂತ ಯಾರನ್ನಾದರೂ ಕೇಳಿ ನೋಡಿ. ಅವರು ಸ್ವಲ್ಪ ನೆಟ್ಟಗೆ ಕೂರುತ್ತಾರೆ. ದೊಡ್ಡ ಹೆಸರುಗಳು ಬರುತ್ತವೆ. ಇಪ್ಪತ್ತು ವರ್ಷದ ಹಿಂದೆ ಓದಿದ್ದು, ಅರ್ಧ ಮರೆತದ್ದು, ಹೇಳಿದರೆ ನಾಲ್ಕು ಜನ ತಲೆದೂಗುವಂಥದ್ದು. ಈಗ ಏನು ಓದುತ್ತಿದ್ದೀರಿ ಅಂದರೆ ತಲೆದಿಂಬಿನ ಪಕ್ಕ ಇರುವುದನ್ನೇ ಹೇಳಬೇಕು. ಎಷ್ಟನೇ ಪುಟದಲ್ಲಿದ್ದೀರಿ, ಎಲ್ಲಿ ಖುಷಿಯಾಯಿತು, ಎಲ್ಲಿ ಬೇಜಾರಾಯಿತು, ಎಲ್ಲಿ ಕಾಲು ಹೂತುಹೋಯಿತು. ಪುಸ್ತಕ ಇನ್ನೂ ಮುಗಿದಿಲ್ಲವಾದ್ದರಿಂದ ತೀರ್ಪು ಕೊಡಲು ಬರುವುದಿಲ್ಲ. ಹಾಗಾಗಿ ಮಾತು ನಿಜವಾಗಿರುತ್ತದೆ.

ನನ್ನದೇ ಹೇಳುತ್ತೇನೆ. ನಾನೀಗ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ಓದುತ್ತಿದ್ದೇನೆ. 1967ರಲ್ಲಿ ಬಂದ ಕಾದಂಬರಿ. ಇದು ನನ್ನ ಮೂರನೇ ಪ್ರಯತ್ನ. ಹಿಂದೆ ಎರಡು ಸಲ 100 ಪುಟ ದಾಟುವ ಮೊದಲೇ ಕೆಳಗಿಟ್ಟಿದ್ದೆ. ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ. ಒಂದೊಂದು ಕಡೆಯೂ ತುಂಬಿದ ಮನೆ. ಯಾರು ಯಾರಿಗೆ ಏನಾಗಬೇಕು, ಯಾರು ಯಾರ ಮನೆಯ ಆಳು, ಯಾವುದೂ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಜಗುಲಿಯಲ್ಲಿ ಇದನ್ನು ಹೇಳಿಕೊಂಡೆ. ಆಗ ಅಂಚೆಯ ಹಿರಿಯರು, ‘ಹೆಸರುಗಳ ಗೊಡವೆ ಬಿಡಿ. ಶುರುವಿನಲ್ಲೇ ನಾಯಿಗುತ್ತಿ ಬರುತ್ತಾನೆ. ಅವನ ಜೊತೆ ಹುಲಿಯ ಅನ್ನುವ ನಾಯಿ ಬರುತ್ತದೆ. ಆ ನಾಯಿಯ ಹಿಂದೆ ಹೋಗಿ, ದಾರಿ ತಾನೇ ಸಿಗುತ್ತದೆ’ ಅಂದರು. ಅಷ್ಟೇ ಹೇಳಿದ್ದು. ಮುಂದೇನಾಗುತ್ತದೆ ಅಂತ ಕೇಳಿದರೆ ಬಾಯಿ ಬಿಡಲಿಲ್ಲ. 2010ರಲ್ಲಿ ಮೈಸೂರಿನ ರಂಗಾಯಣದಲ್ಲಿ ಈ ಕಾದಂಬರಿಯನ್ನು ರಾತ್ರಿಯಿಡೀ, ಸುಮಾರು 9 ಗಂಟೆ ಕಾಲ, ನಾಟಕವಾಗಿ ಆಡಿದ್ದರು. ಇವರು ಕಂಬಳಿ ಹೊದ್ದು ಬೆಳಗಿನವರೆಗೆ ಕೂತು ನೋಡಿ ಬಂದವರು. ಹೇಳುವುದಕ್ಕೆ ಅವರ ಹತ್ತಿರ ಬೇಕಾದಷ್ಟಿತ್ತು. ಆದರೂ ನನಗೆ ಕೊಟ್ಟಿದ್ದು ಒಂದು ನಾಯಿಯನ್ನು ಮಾತ್ರ. ಪುಸ್ತಕ ಶಿಫಾರಸು ಮಾಡುವುದು ಅಂದರೆ ಹೀಗಿರಬೇಕು ಅಂತ ನನಗೆ ಅವತ್ತು ಅನ್ನಿಸಿತು.

ನಾನು ಇದನ್ನು ಕಲಿತದ್ದು ತಡವಾಗಿ. ಕೆಲವು ವರ್ಷಗಳ ಹಿಂದೆ, ಎಸ್ಸೆಸ್ಸೆಲ್ಸಿ ಮುಗಿಸಿದ ಅಣ್ಣನ ಮಗನಿಗೆ ಬೇಸಿಗೆ ರಜೆಗೆಂದು ಭೈರಪ್ಪ ಅವರ ‘ಪರ್ವ’ ಕೊಟ್ಟೆ. 1979ರ ಆ ಕಾದಂಬರಿ ನನ್ನನ್ನು ವಾರಗಟ್ಟಲೆ ಅಲ್ಲಾಡಿಸಿತ್ತು. ಮಹಾಭಾರತದ ಜನರನ್ನು ಪವಾಡಗಳಿಲ್ಲದೆ, ನಮ್ಮಂಥ ಮನುಷ್ಯರಾಗಿ ನೋಡುವ ಪುಸ್ತಕ. ನನಗೆ ಇಷ್ಟವಾಗಿದೆ, ಅವನಿಗೂ ಆಗುತ್ತದೆ ಅಂದುಕೊಂಡೆ. ಅವನಿಗೆ ಏನು ಇಷ್ಟ ಅಂತ ಕೇಳಲೇ ಇಲ್ಲ. ತಿಂಗಳಾದ ಮೇಲೆ ಪುಸ್ತಕ ವಾಪಸ್ಸು ಬಂತು. ಬಸ್ ಟಿಕೆಟ್ಟಿನ ಗುರುತು ಇಪ್ಪತ್ತನೇ ಪುಟದ ಹತ್ತಿರ ಇತ್ತು. ಆಮೇಲೆ ಒಂದು ವರ್ಷ ಆ ಹುಡುಗ ನನ್ನೆದುರು ಪುಸ್ತಕದ ಮಾತೇ ಎತ್ತಲಿಲ್ಲ. ಅದು ನನಗೆ ಇವತ್ತಿಗೂ ನೋವಿನ ವಿಷಯ.

ಅದನ್ನು ಸರಿ ಮಾಡಿದ್ದು ಔಷಧಿ ಅಂಗಡಿಯ ಹುಡುಗ. ನಿನಗೆ ಏನು ನೋಡಲು ಇಷ್ಟ ಅಂತ ಕೇಳಿದ. ಹಾವು, ಜೇಡ, ಓತಿಕ್ಯಾತ ಅಂದ ಇವನು. ಮರುದಿನವೇ ಪೂರ್ಣಚಂದ್ರ ತೇಜಸ್ವಿ ಅವರ ‘ಕರ್ವಾಲೊ’ ಇವನ ಕೈಯಲ್ಲಿತ್ತು. 1980ರ ಪುಸ್ತಕ, ತೆಳ್ಳಗಿದೆ. ಮೂಡಿಗೆರೆ ಕಡೆಯ ಕಾಡಿನಲ್ಲಿ ಹಾರುವ ಓತಿಯನ್ನು ಹುಡುಕಿ ಹೋಗುವ ಕಥೆ. ಎರಡು ದಿನದಲ್ಲಿ ಮುಗಿಸಿ ನನ್ನ ಹತ್ತಿರ ಬಂದ. ‘ಅತ್ತೆ, ಮಂದಣ್ಣನಂಥವರು ನಿಜವಾಗಿ ಇರ್ತಾರಾ?’ ಅಂತ ಕೇಳಿದ. ಪಾಠದಲ್ಲಿ ಹಿಂದೆ, ಕಾಡು ನೋಡುವುದರಲ್ಲಿ ಮುಂದೆ ಇರುವ ಹಳ್ಳಿ ಹುಡುಗ ಮಂದಣ್ಣ. ಇರ್ತಾರೆ ಕಣೋ ಅಂದೆ. ನನ್ನ ಗಂಟಲು ಕಟ್ಟಿತ್ತು.

ಓದುಗರು ಒಬ್ಬರಿಗೊಬ್ಬರು ಪುಸ್ತಕ ಹೇಳುವುದು ನಮ್ಮಲ್ಲಿ ಹೊಸದೇನಲ್ಲ. ಹಾವೇರಿ ಸೀಮೆಯ ಗಳಗನಾಥರು ಪುಸ್ತಕದ ಗಂಟು ಹೊತ್ತುಕೊಂಡು ಊರೂರು ನಡೆದು ಮಾರಿದವರು. 1942ರಲ್ಲಿ ತೀರಿಕೊಂಡರು. ಕನ್ನಡಿಗರಿಗೆ ಕಾದಂಬರಿ ಓದುವ ರುಚಿ ಹತ್ತಿಸಿದ ಮೊದಲಿಗರಲ್ಲಿ ಅವರೂ ಒಬ್ಬರು. ಇನ್ನು ಸಾರ್ವಜನಿಕ ಗ್ರಂಥಾಲಯದ ಹಳೆಯ ಕಾದಂಬರಿಗಳ ಕೊನೆಯ ಪುಟ ನೆನಪಿದೆಯಾ? ಪೆನ್ಸಿಲಿನಲ್ಲಿ ಯಾರೋ ಬರೆದಿರುತ್ತಿದ್ದರು. ‘ತುಂಬಾ ಚೆನ್ನಾಗಿದೆ, ಓದಿ.’ ಅದರ ಕೆಳಗೆ ಬೇರೆ ಕೈಬರಹ. ‘ನನಗೆ ಅಳು ಬಂತು.’ ಅದರ ಕೆಳಗೆ ಮತ್ತೊಂದು. ‘ಇವಳು ತವರಿಗೆ ಹೋಗಬಾರದಿತ್ತು.’ ಗ್ರಂಥಾಲಯದ ಪುಸ್ತಕದಲ್ಲಿ ಬರೆಯುವುದು ತಪ್ಪು, ಒಪ್ಪುತ್ತೇನೆ. ಆದರೆ ನಾನು ಎಷ್ಟೋ ಪುಸ್ತಕಗಳನ್ನು ಆ ಸಾಲುಗಳನ್ನು ನೋಡಿಯೇ ಮನೆಗೆ ತಂದಿದ್ದೇನೆ. ಮುಖ ಕಾಣದ ಆ ಓದುಗರಿಗೆ ನಾನು ಋಣಿ.

ನಮ್ಮ ಹೊಲಿಗೆಯ ಅಕ್ಕನ ಮಾತು ಹೇಳಲೇಬೇಕು. ಅವರು ಮೊದಮೊದಲು ಸುಮ್ನೆ ಕೂತು ಕೇಳಿ ಹೋಗುತ್ತಿದ್ದರು. ನನಗೆ ಓದೋಕೆ ಪುರುಸೊತ್ತಿಲ್ಲ ಅನ್ನುತ್ತಿದ್ದರು. ಅವರಿಗೆ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ ಕೊಟ್ಟೆವು. 1976ರ ಕಾದಂಬರಿ. ಏನೂ ತಿಳಿಯದ ವಯಸ್ಸಿನಲ್ಲಿ ವಿಧವೆಯಾದ ಹುಡುಗಿ ಮುದುಕಿಯಾಗುವವರೆಗಿನ ಬದುಕು. ಇಂದಿರಾ ಅವರು ತೀರ್ಥಹಳ್ಳಿಯವರು. ಅವರ ಮೊದಲ ಕಾದಂಬರಿ ‘ತುಂಗಭದ್ರ’ ಅಚ್ಚಾಗಿದ್ದು 1963ರಲ್ಲಿ, ವಯಸ್ಸು 45 ದಾಟಿದ ಮೇಲೆ. ಇದನ್ನು ಕೇಳಿ ಅಕ್ಕನ ಮುಖ ಅರಳಿತು. ಮುಂದಿನ ತಿಂಗಳು ಬಂದಾಗ ಅವರು ಹೇಳಿದ್ದು ಹೀಗೆ. ರಾತ್ರಿ ಮಿಷನ್ ನಿಲ್ಲಿಸಿದ ಮೇಲೆ ಓದಲು ಕೂರುತ್ತಿದ್ದರಂತೆ. ಅತ್ತೆಗೆ ಅಕ್ಷರ ಬರುವುದಿಲ್ಲ. ಏನೇ ಅದು, ನಂಗೂ ಹೇಳು ಅಂದರಂತೆ. ಆಮೇಲೆ ದಿನವೂ ಎಂಟು ಹತ್ತು ಪುಟ ಜೋರಾಗಿ ಓದಿದರು. ಫಣಿಯಮ್ಮನ ತಲೆ ಬೋಳಿಸುವ ಭಾಗ ಬಂದಾಗ ಅತ್ತೆ ಸೆರಗಿನಿಂದ ಮುಖ ಮುಚ್ಚಿಕೊಂಡರಂತೆ. ಅಂಥ ಒಬ್ಬ ಅಜ್ಜಿ ಅವರ ಮನೆಯಲ್ಲೂ ಇದ್ದರು. ಮನೆಯಲ್ಲಿ ಆ ಅಜ್ಜಿಯ ಹೆಸರನ್ನು ಅಷ್ಟು ವರ್ಷ ಯಾರೂ ಎತ್ತಿರಲಿಲ್ಲ. ಅತ್ತೆ ಸೊಸೆ ಅವತ್ತು ರಾತ್ರಿ ಒಂದು ಗಂಟೆಯವರೆಗೆ ಮಾತಾಡಿದರು.

ಇಂಜಿನಿಯರಿಂಗ್ ಹುಡುಗಿ ತಂದದ್ದು ವಿವೇಕ ಶಾನಭಾಗರ ‘ಘಾಚರ್ ಘೋಚರ್’. ಸಣ್ಣ ಪುಸ್ತಕ, ಒಂದೇ ಬೈಠಕ್ಕಿನಲ್ಲಿ ಮುಗಿಯುತ್ತದೆ. ದುಡ್ಡು ಬಂದ ಮೇಲೆ ಒಂದು ಮನೆ ಹೇಗೆ ಗಂಟುಗಂಟಾಗುತ್ತದೆ ಅನ್ನುವುದು ಕಥೆ. ಓದುವ ಅಭ್ಯಾಸ ತಪ್ಪಿಹೋದವರಿಗೆ ನಾನು ಈಗ ಜಾಸ್ತಿ ಹೇಳುವುದು ಇದನ್ನೇ. ಅದರಲ್ಲಿ ಇರುವೆಗಳು ಬರುತ್ತವೆ. ಅವನ್ನು ನೋಡಿಕೊಳ್ಳಿ ಅಂತಷ್ಟೇ ಹೇಳುತ್ತೇನೆ.

2025ರ ಮೇ ತಿಂಗಳಲ್ಲಿ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂದಾಗ ನಮ್ಮ ಜಗುಲಿಯಲ್ಲಿ ಹಬ್ಬ. ದೀಪಾ ಭಾಸ್ತಿ ಅವರು ಇಂಗ್ಲಿಷಿಗೆ ತಂದ ‘ಹಾರ್ಟ್ ಲ್ಯಾಂಪ್’ ಸಂಕಲನಕ್ಕೆ ಬಂದ ಗೌರವ ಅದು. ಪ್ರಶಸ್ತಿಯ 50,000 ಪೌಂಡ್ ಇಬ್ಬರಿಗೂ ಸಮಪಾಲು. ವಿದೇಶದಲ್ಲಿರುವ ಗೆಳತಿಯ ಮಗಳು ಇಂಗ್ಲಿಷಿನಲ್ಲಿ ಓದಿ ಫೋನು ಮಾಡಿದಳು. ಇದರ ಕನ್ನಡ ಪುಸ್ತಕ ಯಾವುದು ಆಂಟಿ, ಅಮ್ಮನ ಜೊತೆ ಕೂತು ಓದಬೇಕು ಅಂದಳು. ಅದರಲ್ಲಿರುವುದು 12 ಕಥೆಗಳು. ಮೂವತ್ತು ವರ್ಷಗಳ ಬೇರೆ ಬೇರೆ ಸಂಕಲನಗಳಿಂದ ಆರಿಸಿದವು. ಆ ಕಥೆಗಳನ್ನು ಹುಡುಕುವ ನೆಪದಲ್ಲಿ ನಾವೆಲ್ಲ ಅವರ ಹಳೆಯ ಸಂಕಲನಗಳನ್ನು ಓದಿಬಿಟ್ಟೆವು. ‘ಕರಿ ನಾಗರಗಳು’ ಓದಿದವರು ಗಿರೀಶ್ ಕಾಸರವಳ್ಳಿ ಅವರ ‘ಹಸೀನಾ’ ಸಿನಿಮಾದ ಮೂಲ ಇದೇ ಅಂತ ನೆನಪು ಮಾಡಿದರು. ಒಂದು ಫೋನಿನ ಪ್ರಶ್ನೆಯಿಂದ ಇಷ್ಟೆಲ್ಲ ಆಯಿತು.

ಪುಸ್ತಕಗಳಿಗೆ ದುಡ್ಡು ಬೇಕಲ್ವಾ ಅಂತ ಕೆಲವರು ಕೇಳುತ್ತಾರೆ. ನೀವು ಆಸ್ತಿ ತೆರಿಗೆ ಕಟ್ಟುವಾಗ ಅದರ ಮೇಲೆ ನೂರಕ್ಕೆ 6ರಷ್ಟು ಗ್ರಂಥಾಲಯ ಕರ ಕಟ್ಟುತ್ತೀರಿ. ನಮ್ಮ ರಾಜ್ಯದ ಗ್ರಂಥಾಲಯ ಕಾಯ್ದೆ 1965ರದ್ದು. ಅಂದರೆ ಆ ಕಪಾಟುಗಳಲ್ಲಿರುವ ಪುಸ್ತಕ ನಿಮ್ಮದೇ. ಹೋಗಿ ತನ್ನಿ. ಇನ್ನು ನಾವು ಒಬ್ಬರಿಗೊಬ್ಬರು ಕೊಡುವ ಪುಸ್ತಕಕ್ಕೆ ಒಂದು ನೋಟ್‌ಬುಕ್ ಇದೆ. ಯಾರು, ಯಾವುದು, ಯಾವತ್ತು ಅಂತ ಬರೆಯುತ್ತೇವೆ. ಪರರ ಕೈ ಸೇರಿದ ಪುಸ್ತಕ ಹೋಯಿತೆಂದೇ ಲೆಕ್ಕ ಅಂತ ಹಳಬರ ಮಾತಿದೆ. ನಮ್ಮಲ್ಲಿ ಹಾಗಾಗಿಲ್ಲ. ವಾಪಸ್ಸು ಬರುವಾಗ ಪುಸ್ತಕದ ಜೊತೆ ಒಂದು ಚೀಟಿ ಬರುತ್ತದೆ, ಓದಿದವರು ಬರೆದದ್ದು. ಗ್ರಂಥಾಲಯದ ಕೊನೆಯ ಪುಟದ ಪೆನ್ಸಿಲ್ ಅಕ್ಷರಗಳ ನೆನಪಿಗೆ ನಾವು ಮಾಡಿಕೊಂಡ ಪದ್ಧತಿ ಇದು. ಅಣ್ಣನ ಮಗ ಈ ಸಲ ‘ಪರ್ವ’ವನ್ನು ತಾನೇ ಕೇಳಿ ತೆಗೆದುಕೊಂಡು ಹೋಗಿದ್ದಾನೆ. ಚೀಟಿ ಇನ್ನೂ ಬಂದಿಲ್ಲ.

ಬರುವ ಎರಡನೇ ಭಾನುವಾರ ಮತ್ತೆ ಸೇರುತ್ತೇವೆ. ನಾನು ‘ಮದುಮಗಳು’ವಿನಲ್ಲಿ ಅರ್ಧ ದಾಟಿದ್ದೇನೆ. ಈ ಸಲ ಕೆಳಗಿಟ್ಟಿಲ್ಲ. ಗುತ್ತಿ ನಡೆಯುತ್ತಿದ್ದಾನೆ, ಹುಲಿಯ ಅವನ ಹಿಂದೆಯೇ ಇದೆ.

ನಮಸ್ಕಾರ.